ಆಂಟೆನಾ ಕನ್ನಡಿಗೆ ಮೂರು ಬೆರಳು ವಿಭೂತಿ

ನಾನು ಕನ್ನಡಿ ಮಾಡುವವಳು. ಮುಖ ನೋಡಿಕೊಳ್ಳುವ ಕನ್ನಡಿಯಲ್ಲ! ಬಾಹ್ಯಾಕಾಶದಲ್ಲಿ ಬಹುದೂರ ಹೋದ ನೌಕೆಗಳೊಂದಿಗೆ ಮಾತಾಡುವ ಭಾರಿ ಆಂಟೆನಾಗಳಿಗೆ ಬೇಕಾದದ್ದು. ನೋಡಲು ಸಾವಿರಾರು ತೂತುಗಳ ಲೋಹದ ತಗಡು. ಒಂದು ಆವರ್ತನದ ರೇಡಿಯೋ ಅಲೆಯನ್ನು ದಾಟಿಸುತ್ತದೆ, ಇನ್ನೊಂದನ್ನು ವಾಪಸ್ ಕಳಿಸುತ್ತದೆ. ಎರಡು ವರ್ಷ ಲೆಕ್ಕ ಹಾಕಿ ಮಾಡಿಸಿದ ನನ್ನ ಮೊದಲ ಮಾದರಿಗೆ ಸೋಮವಾರ ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಪರೀಕ್ಷೆ. ಪಾಸಾದರೆ ದೊಡ್ಡ ಕನ್ನಡಿಯ ಕೆಲಸ ನನಗೆ, ಇಲ್ಲದಿದ್ದರೆ ಬೇರೆಯವರಿಗೆ. ನನಗೇನೂ ಹೆದರಿಕೆ ಇರಲಿಲ್ಲ. ಶನಿವಾರದವರೆಗೆ.

ಕಾಲೇಜಿನಲ್ಲಿಟ್ಟರೆ ಯಾರಾದರೂ ಮುಟ್ಟಿಯಾರೆಂದು ಅದನ್ನು ಜೇವರ್ಗಿ ಕಾಲೋನಿಯ ಮನೆಗೇ ತಂದಿದ್ದೆ. ಭಾನುವಾರ ಎದ್ದವಳೇ ಗಂಡನನ್ನು ಅಲುಗಾಡಿಸಿ ಎಬ್ಬಿಸಿದೆ.

"ರೀ, ಕಮಲಾಪುರಕ್ಕ ಹೋಗಿ ಅತ್ತಿ ಕೈಲೆ ಇದಕ್ಕೊಂದು ಪೂಜಾ ಮಾಡಿಸ್ಕೊಂಡು ಬರೋಣು."

"ನೀ ವಿಜ್ಞಾನಿ ಅದೀಯೇನು?" ಎಂದರು ಗಂಡ.

"ಸೋಮವಾರದಿಂದ!"

ಬಸ್ಸಿನಲ್ಲಿ ತಗಡನ್ನು ಎದೆಗವಚಿಕೊಂಡೇ ಕುಳಿತೆ. ಅತ್ತೆ "ಅಂಜಬ್ಯಾಡವ್ವಾ" ಎಂದು, ಮನೆಗೆ ಬಂದ ಹೊಸ ಸಾಮಾನಿಗೆ ಹಚ್ಚುವಂತೆ ವಿಭೂತಿಯನ್ನು ನೀರಲ್ಲಿ ಕಲಸಿ ತಗಡಿನ ಮೇಲೆ ಮೂರು ಬೆರಳಿನ ಗೆರೆ ಎಳೆದರು. ನನ್ನ ಭಯ ಹೋಗಲಿಲ್ಲ.

"ಅತ್ತಿ, ಇನ್ನಾ ಸ್ವಲ್ಪ ದಪ್ಪಗ ಹಚ್ರಿ."

ಹಚ್ಚಿದರು!

ಊಟ ಮುಗಿಸಿ ನೋಡಿದರೆ ವಿಭೂತಿ ತೂತುಗಳಲ್ಲಿ ಒಣಗಿ ಗಟ್ಟಿಯಾಗಿತ್ತು. ತೊಳೆದೆ. ಮುಕ್ಕಾಲು ಹೋಯಿತು. ಉಳಿದದ್ದನ್ನು ಸೀರೆಯ ಪಿನ್ನಿನಿಂದ ಕೆರೆದೆ. ತೂತಿನ ಅಂಚು ಕೂದಲೆಳೆಯಷ್ಟು ಕೆಟ್ಟರೂ ಅಲೆ ದಾರಿ ತಪ್ಪುತ್ತದೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು ನಾನೇ! ಒಂದು ಕಡೆ ಗೀರು ಹೊಳೆಯಿತು. ಗಂಡನಿಗೆ ತೋರಿಸಿದೆ.

"ಯಾರಿಗೂ ಕಾಣೂದಿಲ್ಲ, ಸುಮ್ನಿರು" ಎಂದರು ಗಂಡ.

ಸೋಮವಾರ ಹಿರಿಯ ಪರೀಕ್ಷಕರೊಬ್ಬರು ಬಂದು ಕನ್ನಡಿಯನ್ನು ಸ್ಟ್ಯಾಂಡಿಗೆ ಬಿಗಿದರು. ಅಲೆ ಅಳೆಯುವ ಯಂತ್ರದ ಪರದೆ ನೋಡಿದೆ. ಒಂದು ಗೆರೆಯೂ ಇಲ್ಲ! ಅಲೆ ದಾಟುತ್ತಿಲ್ಲ, ವಾಪಸೂ ಬರುತ್ತಿಲ್ಲ. ಎರಡು ವರ್ಷದ ದುಡಿಮೆ ಮಣ್ಣುಪಾಲಾಯಿತು! ಅಳುತ್ತಲೇ ಪೂಜೆ, ವಿಭೂತಿ, ಪಿನ್ನು, ಗೀರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ.

ಅವರು ಪೂರ್ತಿ ಕೇಳಿದರು. ನಂತರ ಮೆಲ್ಲಗೆ ಹೇಳಿದರು: "ಯವ್ವಾ, ಮಷೀನ್ ಇನ್ನಾ ಚಾಲೂ ಮಾಡಿಲ್ಲ."

ಚಾಲೂ ಮಾಡಿದರು. ನಾನು ಲೆಕ್ಕ ಹಾಕಿದಂತೆಯೇ ಗೆರೆ ಮೂಡಿತು!

"ಭಾಳ ಚಂದ ಕೆಲಸ ಮಾಡಾಕತ್ತದ" ಎಂದು ಮೆಚ್ಚಿ, ಪೆನ್ನು ತೆಗೆದರು. "ಆದ್ರ ಪಿನ್ನಿಲೆ ಕೆರೆದೀನಿ ಅಂತ ನೀನ ಹೇಳೀದಿ. ಕೇಳಿದ ಮ್ಯಾಲ ನಾ ಬರೀಲೇಬೇಕು. ಹೊಸಾದು ಮಾಡಸು, ಆಮ್ಯಾಲ ನೋಡೋಣು. ದೊಡ್ಡ ಕೆಲಸ ಸದ್ಯಕ್ಕ ಬ್ಯಾರೆಯವರಿಗೆ."

ಯಾವುದನ್ನು ದಾಟಿಸಬೇಕು, ಯಾವುದನ್ನು ತಡೆಯಬೇಕು ಎಂಬುದು ನನ್ನ ಕನ್ನಡಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬಾಯಿಗೇ ಗೊತ್ತಿರಲಿಲ್ಲ.