ವೆಬ್‌ಸೈಟೂ ಅತ್ತೆಯ ಹಿತ್ತಾಳೆ ಕೊಳಗವೂ

ಅಂಜುವವರ ಹಣೆಬರಹವೇ ಹೀಗೆ ಕಾಣುತ್ತದೆ. ಯಾವುದು ಆಗಬಾರದು ಅಂತ ಎದೆ ಹಿಡಿದುಕೊಂಡು ಕೂತಿರುತ್ತೇವೋ, ಅದು ನಮ್ಮ ಮನೆ ಎಲ್ಲಿದೆ ಅಂತ ಕೇಳಿಕೊಂಡು ಬರುತ್ತದೆ. ನಾನು ಗ್ಯಾಸ್ ಬಂದ್ ಮಾಡಿ, ಬಂದ್ ಆಗಿದೆಯೋ ಇಲ್ಲವೋ ಅಂತ ಹೋಗಿ ನೋಡಿ, ನೋಡಿದ್ದು ಸರಿಯಾಗಿ ನೋಡಿದೆನೋ ಅಂತ ಮತ್ತೆ ಹೋಗುವ ಪೈಕಿ. ಬಸ್ಸಿನಲ್ಲಿ ಟಿಕೆಟ್ ಕೈಯಲ್ಲೇ ಇದ್ದರೂ ಕಂಡಕ್ಟರ್ ಹತ್ತಿರ ಬಂದರೆ ಪರ್ಸಿನಲ್ಲೆಲ್ಲ ಹುಡುಕುತ್ತೇನೆ. ಇಂಥವಳು ವೆಬ್‌ಸೈಟ್ ಮಾಡಲು ಹೋಗಬಾರದಿತ್ತು. ಹೋದೆ.

ಕೊಟ್ಟೂರಿನ ನಮ್ಮ ಮನೆಯಲ್ಲಿ ಅತ್ತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಹಡಗಲಿಯಿಂದ ಹರಪನಹಳ್ಳಿವರೆಗೆ ಅವರ ಕೈರುಚಿ ಗೊತ್ತಿದ್ದವರಿದ್ದಾರೆ. ನನ್ನ ಗಂಡನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಒಂದು ಹಳೇ ಕಂಪ್ಯೂಟರ್ ಧೂಳು ತಿನ್ನುತ್ತಿತ್ತು. ಅದನ್ನು ಮನೆಗೆ ತರಿಸಿ, ನಾನೇ ವಿಡಿಯೋ ನೋಡಿ ಕಲಿತು ವೆಬ್‌ಸೈಟ್ ಮಾಡುತ್ತೇನೆ ಅಂತ ಯಾವ ಧೈರ್ಯದಲ್ಲಿ ಅಂದೆನೋ, ಬಾಯಿಂದ ಬಂದುಬಿಟ್ಟಿತ್ತು.

ಅತ್ತೆ ಒಪ್ಪುವ ಮೊದಲು ಕೊಳಗದ ಮಾತು ತೆಗೆದರು. ನಮ್ಮ ಮನೆಯಲ್ಲಿ ಯಾವ ಮಾತು ಶುರುವಾದರೂ ಕೊಳಗದ ಮುಂದೆ ಹಾದೇ ಹೋಗಬೇಕು. ಅತ್ತೆಯ ತವರಿನಿಂದ ಬಂದ ಹಿತ್ತಾಳೆ ಕೊಳಗ ಒಂದಿತ್ತಂತೆ, ಹಬ್ಬಕ್ಕೆ ಹೋಳಿಗೆ ಬೇಳೆ ಬೇಯಿಸುವುದು ಅದರಲ್ಲೇ. ನಾನು ಸೊಸೆಯಾಗಿ ಬಂದ ವರ್ಷ ಹರಪನಹಳ್ಳಿಯಲ್ಲಿರುವ ಅತ್ತೆಯ ತಂಗಿ ಯಾವುದೋ ಕಾರ್ಯಕ್ಕೆ ಒಯ್ದಿದ್ದರು. ಆಮೇಲೆ ಕೇಳಿದರೆ, "ಹೊಸ ಸೊಸಿ ಕೈಯಾಗ ಕೊಟ್ಟು ಬಂದೀನಲ್ಲ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಹೊಸ ಮನೆ, ಹೊಸ ಮಂದಿ, ಯಾರು ಏನು ಕೈಗಿಟ್ಟರೋ ನನಗೆ ನೆನಪಿಲ್ಲ. ಅಂಜಿಕೆಯಲ್ಲಿ, "ಇರಬಹುದ್ರಿ" ಅಂದೆ. ಆ ಒಂದು "ಇರಬಹುದ್ರಿ" ನನ್ನ ಕೊರಳಿಗೆ ಸುತ್ತಿಕೊಂಡಿತು.

"ನಿನ್ನ ಕೈಗೆ ಕೊಟ್ಟಿದ್ದು ಉಳಿಯಂಗಿಲ್ಲವ್ವ," ಅಂದರು ಅತ್ತೆ. "ಕೊಳಗ ಹೋತು. ಈಗ ನನ್ನ ಹೆಸರು ನಿನ್ನ ಕೈಯಾಗ ಕೊಡಬೇಕೇನು? ಆತು, ಮಾಡು. ಎಡವಟ್ಟಾತಂದ್ರ ಈ ಡಬ್ಬಿ ವಾಪಸ್ ಅಂಗಡಿಗೆ, ನೀನು ವಾಪಸ್ ಒಲಿ ಮುಂದ."

ಒಲೆ ಮುಂದೆ ಕೂರುವುದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಕಂಪ್ಯೂಟರ್ ಇಟ್ಟ ಆ ಮೂಲೆಯಲ್ಲಿ ಕೂತಾಗ ಮಾತ್ರ ಮನೆಯವರು ನನ್ನನ್ನು ಕೂಗುವ ಮೊದಲು ಒಂದು ಕ್ಷಣ ಯೋಚಿಸುತ್ತಿದ್ದರು. ಅದು ನನಗೆ ಬೇಕಾಗಿತ್ತು. ಬಹಳ ಬೇಕಾಗಿತ್ತು.

ಖಾತ್ರಿ ಐತೇನು?

ಕಂಪ್ಯೂಟರಿನಲ್ಲಿ ಒಂದು ಕೆಟ್ಟ ಚಾಳಿ ಇದೆ. ಏನೇ ಒತ್ತಲಿ, "ನಿಮಗೆ ಖಾತ್ರಿ ಇದೆಯೇ?" ಅಂತ ಕೇಳುತ್ತದೆ. ಹುಟ್ಟಿದಾಗಿನಿಂದ ನನಗೆ ಯಾವುದರ ಖಾತ್ರಿಯೂ ಇಲ್ಲ. ಅದು ಕೇಳಿದಾಗಲೆಲ್ಲ "ಇಲ್ಲ" ಅಂತ ಒತ್ತಿ ಎದ್ದು ಬರುತ್ತಿದ್ದೆ. ಹೀಗೇ ವಾರಗಟ್ಟಲೆ ನಡೆಯಿತು.

ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಗಂಡನಿಗೆ ಫೋನ್ ಹಚ್ಚಿದೆ.

"ರೀ, ಸೇವ್ ಮಾಡು ಅಂತೈತಿ. ಒತ್ತಲೇನ್ರಿ?"

"ಒತ್ತು."

"ಏನರ ಆದ್ರ?"

"ಏನಾಕ್ಕತಿ, ಊರು ಮುಣಗ್ತೈತೇನು? ಒತ್ತು ಮಾರಾಯ್ತಿ."

ಕಣ್ಣು ಮುಚ್ಚಿ ಒತ್ತಿದೆ. ಟಪ್ ಅಂತ ಪರದೆ ಕಪ್ಪಾಯಿತು. ಫ್ಯಾನ್ ನಿಂತಿತು. ಎದುರಿನ ಗಿರಣಿ ನಿಂತಿತು. ಓಣಿಯ ತುಂಬ ಮಂದಿ "ಕರೆಂಟ್ ಹೋತಲ್ಲಪ್ಪ" ಅಂತ ಹೊರಗೆ ಬಂದರು. ಇದು ನಾನು ಒತ್ತಿದ ಬಟನ್ನಿನದೇ ಕೆಲಸ ಅಂದುಕೊಂಡೆ. ಅಡಿಗೆಮನೆಗೆ ಓಡಿ ರೊಟ್ಟಿ ಡಬ್ಬಿಗಳ ಹಿಂದೆ ಕೂತೆ. ಕೊಟ್ಟೂರಿಗೆ ಕೊಟ್ಟೂರನ್ನೇ ಕತ್ತಲು ಮಾಡಿದ್ದಕ್ಕೆ ಯಾವ ಕಚೇರಿಯವರು ಬರುತ್ತಾರೆ ಅಂತ ಲೆಕ್ಕ ಹಾಕುತ್ತಿದ್ದೆ.

ಅತ್ತೆ ಬಂದು ನೋಡಿದರು. "ಇಲ್ಯಾಕ ಕುಂತೀ? ಏನ್ ಒತ್ತಿದಿ?"

"ಸೇವ್ ಒತ್ತಿದೆ ಅತ್ತಿ. ಅವರೇ ಒತ್ತು ಅಂದ್ರು."

ಅಷ್ಟರಲ್ಲಿ ಲೈನ್‌ಮನ್ ಏಣಿ ಹೊತ್ತು ಹೋಗುತ್ತಿದ್ದ. ಜೀವ ಕೈಯಲ್ಲಿ ಹಿಡಿದು ಕಿಟಕಿಯಿಂದ ಕೇಳಿದೆ, "ಅಣ್ಣಾ, ಯಾಕ ಹೋತ್ರಿ ಕರೆಂಟು?"

"ಬಸ್‌ಸ್ಟ್ಯಾಂಡ್ ಹಿಂದ ಬೇವಿನ ಟೊಂಗಿ ಮುರದು ತಂತಿ ಮ್ಯಾಲೆ ಬಿದ್ದೈತಿ ತಂಗಿ."

ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ಮಾತ್ರ ಕಂಪ್ಯೂಟರ್ ಇದ್ದ ಕಡೆಗೇ ನೋಡುತ್ತ ಅಂದರು, "ಅಷ್ಟು ದೂರದ ಟೊಂಗಿ ಬಿತ್ತಂದ್ರ ಜೋರು ಬಟನ್ನೇ ಒತ್ತೀಯವ್ವ. ಇನ್ನ ಮುಂದ ಸ್ವಲ್ಪ ಮೆತ್ತಗ ಒತ್ತು."

ಅಯ್ಯನವರ ಹತ್ತಿರ ಇದ್ದದ್ದೆಲ್ಲ ಮುಗಿದದ್ದು

ನಮ್ಮ ಮನೆಯಲ್ಲಿ ಹೊಸ ಹಂಚು ತಂದರೂ ಪೂಜೆಯಿಲ್ಲದೆ ಒಲೆ ಮೇಲಿಡುವುದಿಲ್ಲ. ವೆಬ್‌ಸೈಟ್ ಬಿಟ್ಟಾರೆಯೇ? ಅತ್ತೆ ಪೂಜೆ ಮಾಡಿಸುವ ಅಯ್ಯನವರನ್ನು ಕೇಳಿ ಮುಹೂರ್ತ ತೆಗೆಸಿದರು. ರಾಹುಕಾಲ ಹತ್ತುವ ಮೊದಲು ಅಪ್‌ಲೋಡ್ ಶುರುವಾಗಬೇಕು, ಶುರುವಾದದ್ದು ಮುಗಿಯುವ ತನಕ ಮಂತ್ರ ನಿಲ್ಲಬಾರದು.

ಕಂಪ್ಯೂಟರಿಗೆ ವಿಭೂತಿ ಹಚ್ಚಿದ್ದಾಯಿತು, ಬಿಲ್ವಪತ್ರಿ ಏರಿಸಿದ್ದಾಯಿತು. ಕಾಯಿ ಒಡೆಯುವಾಗ ನೀರು ಕೀಬೋರ್ಡಿಗೆ ಸಿಡಿದರೆ ಏನು ಗತಿ ಅಂತ ನಾನು ಅದರ ಮೇಲೆ ಅಡ್ಡ ಬಿದ್ದೆ. ಅರ್ಧ ಕಾಯಿ ನೀರು ನನ್ನ ತಲೆ ಮೇಲೆ ಬಿತ್ತು. ಅಯ್ಯನವರು ಮಂತ್ರ ಹಿಡಿದರು, ನಾನು ಬಟನ್ ಒತ್ತಿದೆ, ಮೆತ್ತಗೆ.

ರೊಟ್ಟಿಯ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದದ್ದು ತೆಗೆದ ಹಾಗೇ ಹಾಕಿದ್ದೆ. ಸಣ್ಣದು ಮಾಡಿ ಹಾಕಬೇಕು ಅನ್ನುವುದು ಯಾರಿಗೆ ಗೊತ್ತಿತ್ತು? ಪರದೆಯ ಮೇಲಿನ ನೀಲಿ ಗೆರೆ ಅಳತೆ ಮಾಡಿದಂತೆ ಒಂದೊಂದೇ ಕೂದಲೆಳೆ ಮುಂದೆ ಸರಿಯುತ್ತಿತ್ತು. ಊದಿನಕಡ್ಡಿ ಉರಿದು ಬೂದಿಯಾಯಿತು, ಇನ್ನೊಂದು ಹಚ್ಚಿದೆವು.

ಅಯ್ಯನವರು ಮಂತ್ರದ ನಡುವೆ ಉಸಿರು ತಗೊಂಡು ಕೇಳಿದರು, "ಎಲ್ಲಿಗೆ ಬಂತು ತಾಯಿ?"

"ಅರ್ಧ ಆಗೈತ್ರಿ ಅಯ್ಯನೋರ."

ಮತ್ತೆ ಹಿಡಿದರು. ಬಹಳ ಹೊತ್ತಿನ ಮೇಲೆ ಅತ್ತೆ ಕಿವಿಗೊಟ್ಟು ಕೇಳಿ ಹುಬ್ಬು ಗಂಟಿಕ್ಕಿದರು. "ಅಯ್ಯನೋರ, ಇದು ಮದುವಿ ಮಂತ್ರ ಅಲ್ಲೇನ್ರಿ?"

"ಹೌದು ತಾಯಿ. ಗೃಹಪ್ರವೇಶದ್ದು ಆತು, ಹೆಸರಿಡೋದು ಆತು. ಇದೂ ಮುಗದ್ರ ನನ್ನ ಹತ್ರ ಉಳದಿರೋದು ಒಂದ. ಅದನ್ನ ಇಲ್ಲಿ ಹೇಳಿಸಬ್ಯಾಡ್ರಿ, ಲಗೂ ಮುಗಸ್ರಿ."

ಬೇರೆ ಯಾರದೋ ಅತ್ತೆ

ವೆಬ್‌ಸೈಟ್ ಏರಿತು. ಅತ್ತೆ ಮೊದಲು ಹರಪನಹಳ್ಳಿಯ ತಂಗಿಗೆ ತೋರಿಸಬೇಕು ಅಂದರು. ಈ ತಂಗಿಗೆ ನಾನು ಸಣ್ಣತ್ತಿ ಅನ್ನುತ್ತೇನೆ. ಲಿಂಕ್ ಕಳಿಸಿದ ಸ್ವಲ್ಪ ಹೊತ್ತಿಗೆ ಅವರ ಫೋನ್ ಬಂತು. ಅತ್ತೆ ಹೆಮ್ಮೆಯಿಂದ ಸ್ಪೀಕರ್ ಹಾಕಿದರು.

"ಅಕ್ಕಾ, ಕೂದ್ಲಕ್ಕ ಏನ್ ಹಚ್ಚಿಕೊಂಡೀ? ಬಂಗಾರದ ಬಣ್ಣ ಆಗೇತಲ್ಲ. ಹಲ್ಲೂ ಹೊಸಾವು ಕಟ್ಟಿಸೀ. ಒಡಹುಟ್ಟಿದ ತಂಗಿಗೆ ಒಂದು ಮಾತು ಹೇಳ್ಲಿಲ್ಲ ನೋಡು."

ನಾನು ಓಡಿ ಹೋಗಿ ಪುಟ ತೆರೆದೆ. ಇಂಥ ವೆಬ್‌ಸೈಟುಗಳಿಗೆ ಮೊದಲೇ ಒಂದು ಮಾದರಿ ಪುಟ ಕೊಟ್ಟಿರುತ್ತಾರೆ. ಅದರ ಅಕ್ಷರ ಅಳಿಸಿ ನಮ್ಮ ಅಕ್ಷರ, ಅದರ ಫೋಟೋ ತೆಗೆದು ನಮ್ಮ ಫೋಟೋ ಹಾಕಬೇಕು. ನಾನು ಅಕ್ಷರ ಬದಲಿಸಿದ್ದೆ. ಫೋಟೋ ಬದಲಿಸಲು ಹೋದಾಗ ಅದು "ಖಾತ್ರಿ ಇದೆಯೇ?" ಅಂದಿತ್ತು, ಹಾಗಾಗಿ ಬಿಟ್ಟಿದ್ದೆ. ಅತ್ತೆಯ ಹೆಸರಿನ ಮೇಲೆ ಯಾರೋ ಹೊರದೇಶದ ಹೆಂಗಸು ಹಲ್ಲು ಕಿರಿದುಕೊಂಡು ನಿಂತಿದ್ದಳು.

ಅತ್ತೆ ಚಾಳೀಸು ಮೂಗಿಗೇರಿಸಿ ನೋಡಿದರು. "ಯಾರಿಕಿ?"

"ಗೊತ್ತಿಲ್ರಿ ಅತ್ತಿ. ಮೊದ್ಲಿಂದ ಇಲ್ಲೇ ಇದ್ಲು."

"ನನಗಿಂತ ಮೊದ್ಲಿಂದ?"

ಕಂಪ್ಯೂಟರಿನ ವೈರ್ ಕೀಳಲು ಅವರ ಕೈ ಮುಂದೆ ಬರುತ್ತದೆ ಅಂತಲೇ ಕಾದೆ. ಅತ್ತೆ ತೋರುಬೆರಳು ಎತ್ತಿ, "ಹಣಿಮ್ಯಾಲೆ ವಿಭೂತಿ ಇಲ್ಲ. ಆ ಕೈ ಒಂದು ರೊಟ್ಟಿ ಬಡದಿಲ್ಲ. ತೆಗಿ ಆಕಿನ್ನ. ನಂದು ಹಾಕು, ಚಂದಗೆ ಹಾಕು. ಇದ ಕಡೀದು ನೋಡವ್ವ, ಇನ್ನೊಂದು ಎಡವಟ್ಟಾದ್ರ ಡಬ್ಬಿ ಈ ಮನ್ಯಾಗ ಇರಂಗಿಲ್ಲ" ಅಂದರು.

ಬಾಗಿಲವರೆಗೆ ಹೋಗಿ ತಿರುಗಿ ನಿಂತು, ದನಿ ಇಳಿಸಿ ಕೇಳಿದರು, "ಖರೇವಂದ್ರೂ ನನ್ನಂಗ ಕಾಣ್ತಾಳೇನು?"

ಹೂವಿನ ಚೌಕಟ್ಟು

ಅತ್ತೆ ಚಂದಗೆ ಹಾಕು ಅಂದಿದ್ದರು. ಅದೇ ನನಗೆ ಮುಳುವಾಯಿತು. ಫೋಟೋ ತೆಗೆಯುವಾಗ ಅವರು ನಗಲಿಲ್ಲ. ತಲೆ ಮೇಲೆ ಸೆರಗು ಹೊದ್ದು, ಹಣೆ ತುಂಬ ವಿಭೂತಿ ಇಟ್ಟು, ನೆಟ್ಟಗೆ ನೋಡುತ್ತ ಕೂತರು. ಬರೀ ಫೋಟೋ ಬೋಳುಬೋಳು ಕಂಡಿತು. ಕಂಪ್ಯೂಟರಿನಲ್ಲಿ ಚೌಕಟ್ಟುಗಳನ್ನು ಹುಡುಕಿದೆ. ಸುತ್ತಲೂ ಮಲ್ಲಿಗೆ ಮಾಲೆ, ಕೆಳಗೆ ಎರಡು ದೀಪ ಇದ್ದದ್ದೊಂದು ಸಿಕ್ಕಿತು. ಹಡಗಲಿ ಮಲ್ಲಿಗೆಯಂಥ ಹೂವು ನೋಡಿ ಮನಸ್ಸು ಅರಳಿತು. ಕೆಳಗೆ ಬರೆದೆ: "ನಮ್ಮ ಪ್ರೀತಿಯ ಅತ್ತೆಯವರು. ಅವರ ಕೈರುಚಿ ಎಂದೆಂದಿಗೂ ನಮ್ಮೊಂದಿಗಿರುತ್ತದೆ." ಮನೆತನದವರ ಮೊಬೈಲ್ ಗ್ರೂಪಿಗೆ ಲಿಂಕ್ ಹಾಕಿ, ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದೆ. ಖಾತ್ರಿ ಇದೆಯೇ ಅಂದಾಗ ಯಾರನ್ನೂ ಕೇಳದೆ, ಜೀವನದಲ್ಲಿ ಮೊದಲ ಸಲ "ಹೌದು" ಅಂತ ಒತ್ತಿದ್ದೆ.

ಅವತ್ತು ಅಮಾವಾಸ್ಯೆ. ಅತ್ತೆ ಬೆಳಿಗ್ಗೆಯೇ ಉಜ್ಜಿನಿಯ ಗುಡಿಗೆ ಹೋಗಿದ್ದರು, ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟು. ಗಂಡ ಮೋಟರ್ ಕೆಲಸಕ್ಕೆ ಕೂಡ್ಲಿಗಿಗೆ ಹೋಗಿದ್ದ.

ಗಿರಣಿಯಲ್ಲಿ ಸರದಿ ಬಹಳ ಇತ್ತು. ಹಿಟ್ಟು ಹೊತ್ತು ಮನೆಗೆ ಬಂದೆ. ನೀರು ಕುಡಿಯುತ್ತಿದ್ದಾಗ ಬಾಗಿಲಲ್ಲಿ ಆಟೋ ನಿಂತಿತು. ಸಣ್ಣತ್ತಿ ಇಳಿದರು. ಇಳಿದವರೇ "ಅಕ್ಕಾ" ಅಂತ ಎದೆ ಬಡಿದುಕೊಂಡು ಹೊಸ್ತಿಲಲ್ಲೇ ಕುಸಿದರು.

ನನ್ನ ಕೈಯಿಂದ ಚೊಂಬು ಬಿತ್ತು. ಉಜ್ಜಿನಿಯಲ್ಲಿ ಅತ್ತೆಗೇನೋ ಆಗಿದೆ, ನನಗೇ ಗೊತ್ತಿಲ್ಲ ಅಂತ ಜೀವ ಬಾಯಿಗೆ ಬಂತು. "ಏನಾತ್ರಿ ಸಣ್ಣತ್ತಿ?" ಅಂದೆ.

"ಏನಾತು ಅಂತ ನನ್ನ ಕೇಳ್ತೀಯ? ಹೂವಿನ ಹಾರ ಹಾಕಿ, ದೀಪ ಹಚ್ಚಿ, ಊರಿಗೆಲ್ಲಾ ನೀನ ಕಳಿಸೀಯಲ್ಲ" ಅಂತ ಫೋನ್ ನನ್ನ ಮುಖಕ್ಕೆ ಹಿಡಿದರು.

ಆಗ ನೋಡಿದೆ. ನಮ್ಮ ಕಡೆ ಯಾವ ಮನೆಯ ಪಡಸಾಲೆಗೆ ಹೋದರೂ ಗೋಡೆಯ ಮೇಲೆ ಇಂಥ ಫೋಟೋ ಇರುತ್ತದೆ. ಹಾರ ಹಾಕಿದ ಫೋಟೋ ಯಾರದು ಅಂತ ಸಣ್ಣ ಮಕ್ಕಳಿಗೂ ಗೊತ್ತು. ನಾನು ನೋಡಿದ್ದು ಬರೀ ಮಲ್ಲಿಗೆ.

"ಸಣ್ಣತ್ತಿ, ಅತ್ತಿ ಆರಾಮದಾರ್ರಿ," ಅಂದೆ.

ಅವರು ನನ್ನನ್ನು ಅಪ್ಪಿಕೊಂಡು ಇನ್ನೂ ಜೋರಾಗಿ ಅತ್ತರು. "ಪಾಪ, ಹುಡುಗಿಗೆ ತಲಿ ಕೆಟ್ಟೇತಿ. ಯಾರಾರ ನೀರು ಚಿಮುಕಿಸ್ರಿ."

ಓಣಿಯ ಹೆಂಗಸರು ಓಡಿಬಂದು ನಿಜವಾಗಿಯೂ ನೀರು ಚಿಮುಕಿಸಿದರು. ತಪ್ಪಿಸಿಕೊಂಡು ಕಂಪ್ಯೂಟರಿಗೆ ಓಡಿ ಫೋಟೋ ಅಳಿಸಿದೆ. ನನ್ನ ಪರದೆಯಲ್ಲಿ ಹೋಯಿತು. ಬಂದು ಸಣ್ಣತ್ತಿಯ ಫೋನ್ ನೋಡಿದರೆ ಅಲ್ಲಿ ಅತ್ತೆ ಇನ್ನೂ ಹಾರ ಹಾಕಿಕೊಂಡೇ ಇದ್ದಾರೆ. ಫೋನು ಒಮ್ಮೆ ನೋಡಿದ ಪುಟವನ್ನು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ ಅಂತ ನಾನು ಕಲಿತದ್ದು ಆಮೇಲೆ. ಕೂಡ್ಲಿಗಿಯಿಂದ ಬೀಗರ ಫೋನ್ ಬಂತು: "ಏನವ್ವ, ಅವ್ವ ಹೋದ ದಿನಾನ ನಿನ್ನ ಗಂಡ ಇಲ್ಲಿ ಮಿರ್ಚಿ ಮಂಡಕ್ಕಿ ತಿನ್ನಾಕತ್ಯಾನಲ್ಲ, ಏನ್ ಕಾಲ ಬಂತು." ಹಗರಿಬೊಮ್ಮನಹಳ್ಳಿಯ ನೆಂಟರು ಆಗಲೇ ಬಸ್ಸು ಹತ್ತಿದ್ದರು. ಸಂಜೆ ಅತ್ತೆ ಬರುತ್ತಾರೆ, ಡಬ್ಬಿ ಹೋಗುತ್ತದೆ, ನಾನೂ ಅದರ ಹಿಂದೆಯೇ ಹೋಗುವುದು ಲೇಸು ಅಂತ ಮೂಲೆ ಹಿಡಿದು ಕೂತೆ. ಅಳು ಬಂತು. ನನ್ನ ಅಳು ಕಂಡು ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ.

ಸತ್ತವರ ಮನೆಯಲ್ಲಿ ಹೆಂಗಸರು ಸತ್ತವರ ಗುಣ ಎತ್ತಿ ಆಡಿಕೊಂಡು ಅಳುವುದು ನಮ್ಮಲ್ಲಿ ರೂಢಿ. ಸಣ್ಣತ್ತಿ ಶುರುಮಾಡಿದರು. ಅಕ್ಕನ ರೊಟ್ಟಿ, ಅಕ್ಕನ ಚಟ್ನಿ, ಅಕ್ಕ ಕಟ್ಟಿ ಕಳಿಸುತ್ತಿದ್ದ ಬುತ್ತಿ. ಆಡುತ್ತ ಆಡುತ್ತ ದನಿ ಬದಲಾಯಿತು.

"ನಿನ್ನ ಕೊಳಗಾ ನನ್ನ ಮನ್ಯಾಗ ಐತಿ ಅಕ್ಕಾ. ಅಟ್ಟದ ಮ್ಯಾಲೆ ಐತಿ. ಈ ಹುಡುಗಿ ಕೈಯಾಗ ಕೊಟ್ಟೆ ಅಂತ ಸುಳ್ಳು ಹೇಳಿದೆ ಅಕ್ಕಾ. ಇನ್ನ ಅದನ್ನ ಯಾರಿಗೆ ಕೊಡ್ಲಿ?"

"ನನಗ ಕೊಡು."

ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಉಜ್ಜಿನಿಯ ಪ್ರಸಾದ ಹಿಡಿದು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಶಿವನಿಗೇ ಗೊತ್ತು. ಇಬ್ಬರು ಹೆಂಗಸರು ಹಿತ್ತಲ ಬಾಗಿಲಿನಿಂದ ಓಡಿದರು. ಸಣ್ಣತ್ತಿಯ ಅಳು ಬಾಯಲ್ಲೇ ನಿಂತಿತು.

"ನಾಳಿ ಮೊದಲ್ನೇ ಬಸ್ಸಿಗೆ ಇಟ್ಟು ಕಳಿಸು," ಅಂದರು ಅತ್ತೆ. "ಹುಣಿಸೆಹಣ್ಣು ಹಚ್ಚಿ ತಿಕ್ಕಿ ಕಳಿಸು." ಆಮೇಲೆ ಉಳಿದವರಿಗೆಲ್ಲ ಪ್ರಸಾದ ಹಂಚಿದರು. ಬಂದವರು ಬರಿಗೈಯಲ್ಲಿ ಹೋಗಲು ನಾಚಿ, ರೊಟ್ಟಿ ಚಟ್ನಿ ಕಟ್ಟಿಸಿಕೊಂಡು ಹೋದರು.

ಮನೆ ಖಾಲಿಯಾದ ಮೇಲೆ ಅತ್ತೆ ಕಂಪ್ಯೂಟರ್ ಮುಂದೆ ಬಂದರು. ನಾನು ಎದ್ದು ನಿಂತೆ, ವೈರ್ ನಾನೇ ಕಿತ್ತು ಕೊಡುವುದು ಮರ್ಯಾದೆ ಅಂತ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮುಖ ನೋಡಲಾರದೆ ಬೇರೆ ಕಡೆ ನೋಡಿದರು. "ಅವತ್ತು ಇಲ್ಲ ಅಂತ ಗಟ್ಟಿಯಾಗಿ ಹೇಳಬಾರದಿತ್ತೇನು ನೀನು?" ಅಂದರು.

ಅವರು ಸೆರಗಿನಿಂದ ಕೀಬೋರ್ಡ್ ಒರೆಸಿ, ಪರದೆ ಕಡೆ ಬಗ್ಗಿ ಕೇಳಿದರು, "ಆ ಹೂವಿನ ಚೌಕಟ್ಟು ಒಗದೇನು?"

"ತೆಗದೀನ್ರಿ ಅತ್ತಿ. ಇನ್ನೆಂದೂ ಹಾಕಂಗಿಲ್ರಿ."

"ಒಗಿಬ್ಯಾಡ, ತೆಗದಿಟ್ಟಿರು," ಅಂದರು ಅತ್ತೆ. "ಹಗರಿಬೊಮ್ಮನಹಳ್ಳಿಯವರ ಹತ್ರ ನಂದು ಒಂದು ದೋಸಿ ಹಂಚು ಐತಂತ ಅನುಮಾನ. ಮುಂದಿನ ಅಮಾವಾಸ್ಯೆಗೆ ಇನ್ನೊಮ್ಮೆ ಹಾಕೋಣಂತ."