ಕಂಪ್ಯೂಟರಿಗೆ ಮಹಜರು ಬರೆದ ಭಾವ

ನಮ್ಮ ಭಾವನಷ್ಟು ನಿಷ್ಪಕ್ಷಪಾತಿ ನಂಜನಗೂಡು ತಾಲ್ಲೂಕಿನಲ್ಲೇ ಇಲ್ಲ. ಮದುವೆಯೂಟದಲ್ಲಿ ಎರಡು ಪಲ್ಯ ಬಡಿಸಿದರೆ ಎರಡನ್ನೂ ಸಮಸಮ ತಿಂದ ಮೇಲೆಯೇ ಯಾವುದು ಕೆಟ್ಟದ್ದೆಂದು ಹೇಳುವವರು!

ಅವರು ತಾಲ್ಲೂಕು ಕಚೇರಿಯ ಎದುರಿನ ಪತ್ರಬರಹಗಾರರು. ಅವರ ಕ್ರಯಪತ್ರಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳು ನನ್ನ ಅಕ್ಕ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ಅವಳಿಗೆ ಲಕ್ವ ಹೊಡೆದು ಎಡಗೈ ಮಾತು ಕೇಳದಾಯಿತು. ಮತ್ತೆ ಟೈಪ್ ಮಾಡಲೇಬೇಕೆಂದು ಅವಳ ಹಟ. ಭಾವನಿಗೋ, ಕಂಪ್ಯೂಟರಿನಲ್ಲಿ ಯಾವ ಸಿಸ್ಟಂ ಬೇಗ ಓಡುತ್ತದೆಂಬುದೇ ಚಿಂತೆ! ಒಂದೇ ಪೆಟ್ಟಿಗೆಯಲ್ಲಿ ಎರಡು ಹಾಕಿಸಿದ್ದರು. ಒಂದು ಕಿಟಕಿಯ ಗುರುತಿನದು, ಇನ್ನೊಂದು ಪೆಂಗ್ವಿನ್ ಗುರುತಿನದು. ಗೆದ್ದದ್ದನ್ನು ಉಳಿಸಿಕೊಂಡು ಸೋತದ್ದನ್ನು ಅಳಿಸುವುದೆಂದು ತೀರ್ಮಾನ.

ಪರೀಕ್ಷೆಗೆ ಸಾಕ್ಷಿಗಳು ಬೇಡವೇ? ನರಸೀಪುರದಲ್ಲಿ ಮೇಷ್ಟರಾಗಿದ್ದ ನಾನು ಭಾನುವಾರದ ಬಸ್ಸು ಹತ್ತಿ ಬಂದೆ. ಪತ್ರ ಬರೆಸಲು ಬಂದಿದ್ದ ಹುಲ್ಲಹಳ್ಳಿಯ ರೈತರೊಬ್ಬರು ಎರಡನೇ ಸಾಕ್ಷಿ. ಭಾವ ಜಮೀನಿಗೆ ಬರೆಯುವಂತೆ ಮಹಜರಿನಲ್ಲಿ ಕಂಪ್ಯೂಟರಿನ ಚೆಕ್ಕುಬಂದಿಯನ್ನೂ ಬರೆದರು: "ಪೂರ್ವಕ್ಕೆ ತಿರುಗುತ್ತಿರುವ ಫ್ಯಾನು, ಪಶ್ಚಿಮಕ್ಕೆ ಗೋಡೆ, ದಕ್ಷಿಣಕ್ಕೆ ಸಾಕ್ಷಿಗಳು, ಉತ್ತರಕ್ಕೆ ನನ್ನ ಹೆಂಡತಿ."

ಕಿಟಕಿ ಒಂದು ದೊಡ್ಡ ಕಡತ ತೆರೆಯಲು ಐವತ್ತು ಸೆಕೆಂಡು ತಗೊಂಡಿತು. ಪೆಂಗ್ವಿನ್ ತೆರೆಯುವ ಹೊತ್ತಿಗೆ ರೈತರು ಟೀ ಕುಡಿಯಲು ಹೋಗಿದ್ದರು. ಸಾಕ್ಷಿಯಿಲ್ಲದ ಫಲಿತಾಂಶ ಊರ್ಜಿತವೇ? ಅವರು ಬಂದ ಮೇಲೆ ಭಾವ ಅದೇ ಕಡತವನ್ನು ಪೆಂಗ್ವಿನ್‌ನಲ್ಲಿ ಮತ್ತೆ ತೆರೆಸಿದರು. ಹನ್ನೆರಡೇ ಸೆಕೆಂಡು! ಭಾವ ಗೆಲುವು ಬರೆಯಲು ಪೆನ್ನೆತ್ತಿದರು.

"ಅದೆಂಗ್ ಸಾ?" ಎಂದರು ರೈತರು. "ಒಂದ್ಸಲ ಓಗಿ ಬಂದಿರೋ ದಾರೀಲಿ ಎರಡ್ನೇ ಸಲ ಯಾರಾದ್ರೂವೆ ಬಿರ್ರನೆ ಓಗ್ತಾರೆ. ಕಿಟಕಿಗೂ ಎರಡ್ನೇ ಸಲ ಕೊಡಿ."

ಭಾವ ಮಹಜರು ಹರಿದು ಹಾಕಿದರು. ಮೂರು ಭಾನುವಾರ ಎರಡಕ್ಕೂ ಸಮಸಮ ಸಲ ಕೊಟ್ಟರು. ಪೆಂಗ್ವಿನ್ ಆಗಲೂ ಗೆದ್ದಿತು, ಒಂಬತ್ತು ಸೆಕೆಂಡಿನಿಂದ.

ಉತ್ತರದಿಕ್ಕಿಗೆ ಆಗ ಸಿಟ್ಟು ಬಂತು. "ಅದು ಬೇಗ ತೆರಕೊಂಡ್ರೆ ನನಗೇನ್ರೀ? 'ಭೂಮಿ' ಅಂತ ಹೊಡೆಯೋಕೆ ಶಿಫ್ಟ್ ಹಿಡಿಯೋ ಕೈ ಒಂದು, ಅಕ್ಷರ ಒತ್ತೋ ಕೈ ಇನ್ನೊಂದು ಬೇಕು. ನನ್ ಹತ್ರ ಇರೋದು ಒಂದೇ!"

ಭಾವ ಒಂದು ವಾರ ಎರಡು ಸಿಸ್ಟಂಗಳನ್ನೂ ತಡಕಾಡಿದರು. ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೂ ಅದು ಹಿಡಿದಂತೆಯೇ ನಿಲ್ಲುವ ಉಪಾಯ ಕಿಟಕಿಯಲ್ಲಿ ಸಿಕ್ಕಿತು. ಪೆಂಗ್ವಿನ್‌ನಲ್ಲೂ ಇತ್ತೋ ಏನೋ, ಅವರಿಗೆ ಸಿಕ್ಕಲಿಲ್ಲ. ಗೆದ್ದ ಪೆಂಗ್ವಿನ್ನನ್ನೇ ಅಳಿಸಿದರು.

ಮುಂದಿನ ಭಾನುವಾರ ಅಕ್ಕ ಒಂದು ಪುಟದ ಕ್ರಯಪತ್ರಕ್ಕೆ ಕೂತಳು. ಒಂದೊಂದೇ ಅಕ್ಷರ. ಭಾವ ಹಿಂದೆ ನಿಂತಿದ್ದರು, ಸಹಾಯಕ್ಕೆ ಚಾಚದಂತೆ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ನನಗೆ ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಕೊನೆಯ ಚುಕ್ಕಿ ಒತ್ತಿದ ಅಕ್ಕ ತಿರುಗಿ, "ಎಷ್ಟು ಹೊತ್ತಾಯ್ತು?" ಎಂದಳು.

"ಯಾರು ನೋಡಿದ್ರು?" ಎಂದರು ಭಾವ. "ಮುಗಿಸ್ದೆಯಲ್ಲೇ!"