ಎರಡು ಜಡೆಯ ಮಗಳ ಮಾತು

ಚಂದ್ರಿಕಾ ಟಿವಿ ಒರೆಸುತ್ತಿದ್ದಳು. ಮಾತಿಲ್ಲ, ಹಾಡಿಲ್ಲ. ಒದ್ದೆ ಬಟ್ಟೆ ಹಿಂಡುವುದು, ಒರೆಸುವುದು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಅವಳು ಕುರಿಗಳನ್ನು ಬಿಟ್ಟು ಬೇರೆ ಯಾರ ಜೊತೆಗಾದರೂ ನಾಲ್ಕು ಮಾತು ಸೇರಿಸಿ ಆಡಿದ್ದನ್ನು ತಮಿಳುನಾಡಿನ ಅದಿಯಮಾನ್‌ಕೋಟೆಯ ಆ ಬೀದಿ ಕೇಳಿರಲಿಲ್ಲ.

ಅವತ್ತು ಕೈ ಟಿವಿಯ ಮೇಲಿದ್ದರೂ ಮನಸ್ಸು ಅಕ್ಕಿ ಡಬ್ಬದ ಕೆಳಗಿತ್ತು. ಅಲ್ಲಿ ಹತ್ತು ದಿನದಿಂದ ಒಂದು ಫಾರಂ ಮಡಚಿಟ್ಟಿದ್ದಳು. ಧರ್ಮಪುರಿಯ ಒಂದು ಟ್ಯುಟೋರಿಯಲ್‌ನಲ್ಲಿ ಸಂಜೆ ಹೊತ್ತು ಓದಿ ಹತ್ತನೇ ಕ್ಲಾಸ್ ಪರೀಕ್ಷೆ ಬರೆಯಬಹುದು. ಫಾರಂ ಕೊಡಲು ನಾಳೆಯೇ ಕೊನೆ ದಿನ. ಹೆಸರು ತುಂಬುವುದಕ್ಕೂ ಧೈರ್ಯ ಬಂದಿರಲಿಲ್ಲ. ಅಪ್ಪ ಮಾರಿಯಪ್ಪನನ್ನು ಒಂದು ಮಾತು ಕೇಳಬೇಕು, ಅಷ್ಟೇ. ಆ ಒಂದು ಮಾತು ದಿನಾ ಗಂಟಲವರೆಗೆ ಬಂದು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು.

ಯೋಚನೆಯಲ್ಲಿ ಬಟ್ಟೆ ಹಿಂಡುವುದು ಮರೆತುಹೋಯಿತು. ಟಿವಿಯ ಹಿಂದಿನ ತೂತುಗಳೊಳಗೆ ನೀರು ಇಳಿಯಿತು. ಸ್ವಿಚ್ ಹಾಕಿದರೆ ಚಿತ್ರ ಬಂತು, ಸದ್ದು ಬರಲಿಲ್ಲ.

“ಅಯ್ಯಯ್ಯೋ! ನೀನು ಮೂಗಿ ಅಂತ ಟಿವೀನೂ ಮೂಗಿ ಮಾಡ್‌ಬಿಟ್ಟೇನೇ?” ಅಜ್ಜಿ ಪೆದ್ದಮ್ಮ ಬಾಯಿ ಬಡಿದುಕೊಂಡಳು. “ಆರೂವರೆಗೆ ನನ್ನ ಕುಟುಂಬ ಬರ್ತೈತಲ್ಲೇ!”

ಅಜ್ಜಿಯ ಕುಟುಂಬ ಅಂದರೆ ಒಂದು ಕಾರ್ಟೂನು. ಉದ್ದ ಮೂಗಿನ ಅಪ್ಪ, ಕಡ್ಡಿಯಂಥ ಅಮ್ಮ, ಕನ್ನಡಕದ ಅಜ್ಜಿ, ಎರಡು ಜಡೆಯ ಮಗಳು. ಅದರಲ್ಲಿ ಕತ್ತಿ ಇಲ್ಲ, ರಾಕ್ಷಸರಿಲ್ಲ. ಗ್ಯಾಸ್ ಮುಗಿಯುತ್ತದೆ, ಅಪ್ಪ ಬೀಗದ ಕೈ ಕಳೆಯುತ್ತಾನೆ, ಅಮ್ಮ ಮುನಿಸಿಕೊಳ್ಳುತ್ತಾಳೆ. ಅಷ್ಟಕ್ಕೇ ಬೀದಿಯ ಅರ್ಧ ಜನ ದಿನಾ ಆರೂವರೆಗೆ ಪೆದ್ದಮ್ಮನ ಮನೆಯಲ್ಲಿ ಕೂರುತ್ತಿದ್ದರು. “ನಮ್ಮನೆ ಗಲಾಟೆಗೇ ಬಣ್ಣ ಬಳಿದಂಗೈತೆ” ಅನ್ನುತ್ತಿದ್ದಳು ಪಕ್ಕದ ಮನೆಯ ಪಾಪಮ್ಮ.

ಸುದ್ದಿ ಕೇಳಿ ಮೊದಲು ಓಡಿ ಬಂದವನು ರಿಟೈರಾದ ಬಸ್ ಕಂಡಕ್ಟರ್ ಪಳನಿಸ್ವಾಮಿ.

“ಸೈಡು ಬಿಡಿ, ನಾನು ನೋಡ್ತೀನಿ” ಅಂದವನೇ ಬಸ್ಸಿಗೆ ರೈಟ್ ಕೊಡುವ ಹಾಗೆ ಟಿವಿಯ ಪಕ್ಕೆಗೆ ಎರಡು ಬಾರಿಸಿದ. ಸದ್ದು ಬರಲಿಲ್ಲ. ಚಿತ್ರ ಮಾತ್ರ ಪೂರ್ತಿ ಹಸಿರಾಯಿತು.

“ಕಂಡಕ್ಟರು ಕೈಯಿಟ್ರೆ ಅಷ್ಟೇ, ಗ್ರೀನ್ ಸಿಗ್ನಲ್ಲು!” ಅಂದಳು ಪಾಪಮ್ಮ.

ಆರೂವರೆಯಾಯಿತು. ಹಸಿರು ಅಪ್ಪ, ಹಸಿರು ಅಮ್ಮ ಸದ್ದಿಲ್ಲದೆ ಬಾಯಿ ಆಡಿಸಿದರು. ಕೆರೆಯ ಮೀನುಗಳ ಹಾಗೆ.

“ಕೆಡಿಸ್ದವಳು ನೀನು, ಮಾತೂ ನೀನೇ ಆಡು” ಎಂದು ಅಜ್ಜಿ ಚಂದ್ರಿಕಾಳನ್ನು ಟಿವಿಯ ಪಕ್ಕಕ್ಕೆ ತಳ್ಳಿದಳು.

ಚಂದ್ರಿಕಾ ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡಳು. ಹಸಿರು ಅಪ್ಪ ಬಾಯಿ ತೆರೆದ. ಅವಳೂ ತೆರೆದಳು. “ಲೇ, ನನ್ನ ಚಪ್ಲಿ ಎಲ್ಲೇ? ನಿಮ್ಮವ್ವ ಆಕ್ಕೊಂಡು ಓದ್ಳಾ?”

ಕೂತವರ ನಗು ಹೆಂಚು ಹಾರಿಸಿತು.

“ಟಿವಿ ನಮ್ಮ ಮಾತಾಡ್ತೈತೆ ಕಣ್ರೋ!” ಅಂದ ಮಾರಿಯಪ್ಪ. ಹುಟ್ಟಿದಾಗಿಂದ ತಮಿಳಲ್ಲೇ ಟಿವಿ ನೋಡಿದ ಜನ. ಕನ್ನಡ ಇದ್ದದ್ದು ಕುರಿ ಬೈಯುವುದಕ್ಕೆ, ಮಕ್ಕಳನ್ನು ಮಲಗಿಸುವುದಕ್ಕೆ. ಅರ್ಧ ಬೀದಿ ಪೂರ್ತಿ ಬೀದಿಯಾಗಿ ಬಾಗಿಲಲ್ಲಿ ಸೇರಿತು.

ಪಾಪಮ್ಮ ಚಂದ್ರಿಕಾಳ ಕಿವಿಗೆ ಬಂದಳು. “ಲೇ, ಕೈಗೆ ನಾಲ್ಕೇ ಬೆರಳಿದ್ರೂ ಆ ಟಿವಿ ಸೊಸೆ ಎಷ್ಟು ಗೇಯ್ತಾಳೆ ಅಂತ ಏಳ್ಸೇ. ನಮ್ಮನೇದೂ ಕೇಳ್ಲಿ.” ಅವಳು ಆಚೆ ಸರಿದದ್ದೇ ತಡ, ಅವಳ ಸೊಸೆ ರಮಾಮಣಿ ಬಂದಳು. “ಚಂದ್ರಿ, ಅತ್ತೆ ಸಕ್ಕರೆ ಡಬ್ಬಕ್ಕೆ ಬೀಗ ಆಕೋದು ತಪ್ಪು ಅಂತ ಏಳ್ಸೇ.” ಚಂದ್ರಿಕಾ ಎರಡನ್ನೂ ಹೇಳಿಸಿದಳು. ಅತ್ತೆ ಸೊಸೆಯನ್ನು ನೋಡಿ, ಸೊಸೆ ಅತ್ತೆಯನ್ನು ನೋಡಿ ಚಪ್ಪಾಳೆ ತಟ್ಟಿದರು.

ಆಗ ಎರಡು ಜಡೆಯ ಮಗಳು ಕೈಯಲ್ಲಿ ಒಂದು ಕಾಗದ ಹಿಡಿದು ಅಪ್ಪನ ಮುಂದೆ ಬಂದು ನಿಂತಳು. ಅದು ಕರೆಂಟ್ ಬಿಲ್ಲೋ ಏನೋ. ಚಂದ್ರಿಕಾ ದುಪಟ್ಟಾವನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡಳು.

“ಅಪ್ಪಾ, ನಾನು ಟೆಂತ್ ಬರೀತೀನಿ. ಬೆಳಗ್ಗೇನೇ ಎಲ್ಲಾ ಕೆಲ್ಸ ಮುಗಿಸ್ತೀನಿ, ಕುರೀನೂ ಮೇಯಿಸ್ತೀನಿ. ಸಂಜೆ ಓದಕ್ಕೆ ಓಗ್ಲಾ?”

ಕಾರ್ಟೂನಿನವರಿಗೆ ಕುರಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಹಸಿರು ಅಪ್ಪ ತಲೆ ಕೆರೆದುಕೊಂಡು ಬಾಯಿ ತೆರೆದ. “ಓಗು ಮಗಾ. ಇಷ್ಟು ದಿನ ಯಾಕೆ ಕೇಳ್ಲಿಲ್ಲ? ನಾನೇನು ತಿನ್ನೋ ಉಲಿನಾ?”

ಮಾರಿಯಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. “ನಲ್ಲ ಮನುಷ್ಯ, ಒಳ್ಳೇವ್ನು. ಎಣ್ಣುಮಗು ಆಸೆಪಟ್ಟು ಕೇಳಿದ್ರೆ ಇಂಗೇ ಏಳ್ಬೇಕು.”

ಚಂದ್ರಿಕಾಳ ಕಣ್ಣು ಅಕ್ಕಿ ಡಬ್ಬದ ಕಡೆ ಓಡಿತು. ಅಷ್ಟರಲ್ಲಿ ಪಾಪಮ್ಮ ಎದ್ದು ನಿಂತಳು.

“ನಮ್ಮ ರಮಾಮಣೀನೂ ಒಂಬತ್ತಕ್ಕೇ ಬಿಟ್ಟವಳು. ಓದ್ಲಿ! ಆ ಪಚ್ಚೆ ಮನುಷ್ಯನಿಗಿಂತ ನಾನೇನು ಕಮ್ಮಿನಾ? ಫಾರಂ ಎಲ್ಲಿ ಸಿಗ್ತೈತೆ?”

“ಅಕ್ಕಿ ಡಬ್ಬದ ಕೆಳಗೆ ಎಂತದೋ ಒಂದು ಐತೆ” ಅಂದಳು ಅಜ್ಜಿ. “ಡಬ್ಬ ಅಲ್ಲಾಡ್ದಂಗೆ ಯಾರೋ ಮಡಚಿ ಇಟ್ಟವ್ರೆ.”

ಪಳನಿಸ್ವಾಮಿ ಎಳೆದು ತಂದು ಓದಿದ. “ಅಡಡಾ, ಇದೇ! ಹೆಸ್ರೂ ಖಾಲಿ ಐತೆ!” ಜೇಬಿನಿಂದ ಪೆನ್ನು ತೆಗೆದು, ಟಿಕೆಟ್ ಹರಿಯುವಷ್ಟು ಬೇಗ ರಮಾಮಣಿಯ ಹೆಸರು ಬರೆದೇಬಿಟ್ಟ.

“ನಾಳೆ ಬೆಳಗ್ಗೆ ನಾನೇ ಧರ್ಮಪುರಿಗೆ ಓಗಿ ಕೊಟ್ಟು ಬರ್ತೀನಿ” ಅಂದ ಮಾರಿಯಪ್ಪ.

ರಮಾಮಣಿ ಮೆಲ್ಲಗೆ ಕೇಳಿದಳು. “ಮಾಮಾ, ಚಂದ್ರೀನೂ ನನ್ನ ಜೊತೆ ಬರ್ಬೋದಾ? ಕ್ಲಾಸು ಆರು ಗಂಟೆಗೆ ಅಂತೆ.”

“ಆರಕ್ಕಾ?” ಅಜ್ಜಿ ಹೌಹಾರಿದಳು. “ಆರೂವರೆಗೆ ಇವ್ರಿಗೆ ಮಾತಾಡೋರು ಯಾರು?”

“ಅದೂ ಸರಿನೇ” ಅಂದಿತು ಇಡೀ ಮನೆ.

“ಟಿವಿ ರಿಪೇರಿಗೆ ಕೊಡಣ ಅಂತಿದ್ದೆ” ಅಂದ ಮಾರಿಯಪ್ಪ. “ಬ್ಯಾಡ ಬಿಡು. ಇಂಗೇ ಚೆನ್ನಾಗೈತೆ.”

ಕಾರ್ಟೂನು ನಿಂತು ಜಾಹೀರಾತು ಬಂತು. ಒಂದು ಹಸಿರು ಎಣ್ಣೆ ಬಾಟಲು ಒಂಟಿಯಾಗಿ ನಿಂತಿತ್ತು. ಚಂದ್ರಿಕಾ ದುಪಟ್ಟಾ ಮುಖದಿಂದ ಕೆಳಗಿಳಿಸಿದಳು. ಅರ್ಧ ಗಂಟೆ ನಾಲ್ಕು ಜನರ ಮಾತಾಡಿ ಗಂಟಲು ಬೆಚ್ಚಗಾಗಿತ್ತು. ಮುಳ್ಳು ಎಲ್ಲಿ ಹೋಯಿತೋ ತಿಳಿಯಲಿಲ್ಲ.

“ಅಪ್ಪಾ” ಅಂದಳು.

ಇದು ಯಾರ ಮಾತು ಎಂದು ಎಲ್ಲರೂ ಟಿವಿಯಲ್ಲಿ ಹುಡುಕಿದರು. ಎಣ್ಣೆ ಬಾಟಲಿಗೆ ಬಾಯಿ ಇರಲಿಲ್ಲ. ಮಾರಿಯಪ್ಪ ಒಬ್ಬನೇ ನಿಧಾನವಾಗಿ ಈ ಕಡೆ ತಿರುಗಿದ.

“ನಾಳೆ ಓಗ್ತೀಯಲ್ಲ, ನಂಗೂ ಒಂದು ಫಾರಂ ಅಲ್ಲೇ ತುಂಬಿ ಕೊಟ್ಟು ಬಾ.”